ದೊಡ್ಡ ತಳಿಯ ಅನಾಥ ನಾಯಿಗೆ ಆಸರೆ, ಆಮೇಲೆ ಹೊಸ ಮನೆ: ಮಲೆನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ನನಗೆ ಬರುವ ಕರೆಗಳು ಬಹುತೇಕ ಒಂದೇ ಬಗೆಯವು. ರಸ್ತೆಬದಿಯಲ್ಲಿ ಸಿಕ್ಕ ಜರ್ಮನ್ ಶೆಫರ್ಡನ್ನೋ ಲ್ಯಾಬ್ರಡಾರನ್ನೋ ಕರುಣೆಯಿಂದ ಮನೆಗೆ ತಂದಿರುತ್ತಾರೆ. ವಾರ ಕಳೆಯುವುದರೊಳಗೆ ಅದು ಮನೆಯ ನಾಯಿಯ ಮೇಲೆ ಬಿದ್ದಿರುತ್ತದೆ, ಇಲ್ಲವೇ ಮನೆಯ ನಾಯಿಗೆ ಅದರಿಂದ ವಾಂತಿಭೇದಿ ಹತ್ತಿರುತ್ತದೆ. ಇನ್ನು ಕೆಲವರು ಕೇಳಿದ ಮೊದಲಿಗರ ಕೈಗೇ ನಾಯಿಯನ್ನು ಒಪ್ಪಿಸಿರುತ್ತಾರೆ. ಹದಿನೈದು ದಿನಕ್ಕೆ ಅದು ವಾಪಸು ಬಂದಿರುತ್ತದೆ. ಇವರೆಲ್ಲ ಪ್ರೀತಿ ಇರುವವರೇ. ಎಡವಟ್ಟಾಗಿರುವುದು ಕೆಲಸಗಳ ಕ್ರಮದಲ್ಲಿ. ಮೂರನೆಯದಾಗಿ ಮಾಡಬೇಕಾದದ್ದನ್ನು ಮೊದಲೇ ಮಾಡಿರುತ್ತಾರೆ.

ಮೂವತ್ತು ನಲವತ್ತು ಕಿಲೋ ತೂಗುವ ನಾಯಿಯ ವಿಷಯದಲ್ಲಿ ಇಂಥ ತಪ್ಪಿಗೆ ಬೆಲೆ ಹೆಚ್ಚು. ಸಣ್ಣ ನಾಯಿ ಹೆದರಿ ಕಚ್ಚಿದರೆ ಗೀರು ಬೀಳುತ್ತದೆ. ರಾಟ್‌ವೀಲರ್ ಕಚ್ಚಿದರೆ ಆಸ್ಪತ್ರೆ ಸೇರಬೇಕಾಗುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಹಂತ 1: ನಾಯಿ ಬರುವ ಮೊದಲೇ ಸಿದ್ಧವಾಗಿರಬೇಕಾದದ್ದು

ಮೊದಲು ಜಾಗ. ಮನೆಯ ಇತರ ನಾಯಿಗಳಿಗೆ ಕಾಣದ, ಬಾಗಿಲು ಭದ್ರವಾಗಿರುವ ಒಂದು ಕೋಣೆ ಬೇಕು. ಸೌದೆ ಕೊಟ್ಟಿಗೆಯಾದರೂ ನಡೆಯುತ್ತದೆ, ಆದರೆ ಮಳೆಯ ಇರಚಲು ಹೊಡೆಯಬಾರದು, ನೆಲ ತೊಳೆಯುವಂತಿರಬೇಕು. ನುಣುಪಾದ ಗಾರೆ ಅಥವಾ ಟೈಲ್ಸ್ ನೆಲದ ಮೇಲೆ ದೊಡ್ಡ ನಾಯಿಗಳು ಜಾರುತ್ತವೆ. ಲ್ಯಾಬ್ರಡಾರ್, ಶೆಫರ್ಡ್, ರಾಟ್‌ವೀಲರ್ ತಳಿಗಳಲ್ಲಿ ಸೊಂಟದ ಕೀಲಿನ ದೋಷ ಸಾಮಾನ್ಯವಾದ್ದರಿಂದ ಗೋಣಿಚೀಲ ಹಾಸಿಯೇ ಒಳಗೆ ಬಿಡಿ.

ಸಾಮಾನುಗಳಲ್ಲಿ ತೀರಾ ಮುಖ್ಯವಾದವು ಇವು: ತಲೆಯಿಂದ ಕಳಚಿಕೊಳ್ಳದಂತೆ ಬಿಗಿಯುವ ಕೊರಳಪಟ್ಟಿ, ಎದೆಗೆ ಹಾಕುವ ಹಾರ್ನೆಸ್, ಎರಡು ಗಟ್ಟಿ ಹಗ್ಗ, ಪಂಜರದಂತಿರುವ ಬಾಯಿಕುಕ್ಕೆ, ಉಣುಗು ಕೀಳುವ ಚಿಮಟ, ಕೈಗವಸು, ಹಳೆಯ ಕಂಬಳಿ, ಬ್ಲೀಚಿಂಗ್ ಪುಡಿ. ಹೊರಗೆ ಒಯ್ಯುವಾಗ ಒಂದು ಹಗ್ಗ ಕೊರಳಿಗೆ, ಇನ್ನೊಂದು ಎದೆಗೆ. ಒಂದು ಕಳಚಿದರೂ ಇನ್ನೊಂದು ಕೈಯಲ್ಲಿರುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ಗಂಟೆಗಟ್ಟಲೆ ಬಿಡಬೇಡಿ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈಯ ಬಿಸಿ ಕಳೆದುಕೊಳ್ಳಬೇಕು. ಪಂಜರದ ಕುಕ್ಕೆ ಹಾಕಿದರೆ ಅದಕ್ಕೆ ಅಡ್ಡಿಯಿಲ್ಲ, ನೀರನ್ನೂ ಕುಡಿಯಬಹುದು.

ನಾಯಿಯನ್ನು ಮುಟ್ಟುವ ಎಲ್ಲರೂ ಮುಂಚಿತವಾಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಮನೆಯ ನಾಯಿಗಳ ಲಸಿಕೆ ಪುಸ್ತಕವನ್ನೂ ತೆಗೆದು ನೋಡಿ. ಅವುಗಳ ಲಸಿಕೆಯ ಅವಧಿ ಮೀರಿದ್ದರೆ, ಅದನ್ನು ಹಾಕಿಸುವವರೆಗೆ ಹೊಸ ನಾಯಿಯನ್ನು ತರಬೇಡಿ.

ಹಂತ 2: ನಾಯಿ ಯಾರದ್ದು ಎಂದು ತಿಳಿಯುವುದು

ಬೀದಿಯಲ್ಲಿ ಸಿಕ್ಕ ತಳಿನಾಯಿಯನ್ನೆಲ್ಲ ಯಾರೋ ಬಿಟ್ಟುಹೋಗಿದ್ದಾರೆ ಎಂದು ತೀರ್ಮಾನಿಸಬೇಡಿ. ಗಣಪತಿ ಹಬ್ಬ, ದೀಪಾವಳಿಯ ಪಟಾಕಿಗೆ ಬೆದರಿ ಓಡಿದ ನಾಯಿ ಮೂರ್ನಾಲ್ಕು ಊರು ದಾಟಿ ಸಿಗುವುದುಂಟು. ಪಶು ಆಸ್ಪತ್ರೆಯಲ್ಲಿ ಮೈಕ್ರೋಚಿಪ್ (ಯಜಮಾನರನ್ನು ಪತ್ತೆಹಚ್ಚಲು ನಾಯಿಯ ಚರ್ಮದಡಿ ಹಾಕಿಸುವ ಪುಟ್ಟ ಗುರುತಿನ ಸಾಧನ) ಇದೆಯೇ ಎಂದು ಕೇಳಿ ನೋಡಿಸಿ, ಹತ್ತಿರದ ಪೊಲೀಸ್ ಠಾಣೆಗೆ ಒಂದು ಮಾತು ತಿಳಿಸಿ, ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಚಿತ್ರ ಹಾಕಿ. ಚಿತ್ರದಲ್ಲಿ ಒಂದು ಗುರುತನ್ನು ಮಾತ್ರ ತೋರಿಸಬೇಡಿ: ಹೊಟ್ಟೆಯ ಮೇಲಿನ ಮಚ್ಚೆ, ಕಿವಿಯೊಳಗಿನ ಗಾಯದ ಕಲೆ, ಹೀಗೆ ಯಾವುದಾದರೂ ಆದೀತು. ತನ್ನ ನಾಯಿ ಎಂದು ಬಂದವರು ಅದನ್ನು ಹೇಳಬಲ್ಲರೇ ಎಂದು ನೋಡಿ.

ಯಜಮಾನರೇ ಕರೆದು ಒಪ್ಪಿಸುತ್ತಿದ್ದರೆ ಬರವಣಿಗೆಯಲ್ಲಿ ಪಡೆಯಿರಿ. ನಾಯಿಯ ವಯಸ್ಸು, ಲಸಿಕೆ, ಹಿಂದೆ ಯಾರನ್ನಾದರೂ ಕಚ್ಚಿದೆಯೇ, ಕೋಳಿ ಕರು ಕಂಡರೆ ಏನು ಮಾಡುತ್ತದೆ, ಏನೆಂದು ಕೂಗಿದರೆ ಬರುತ್ತದೆ, ಎಲ್ಲವನ್ನೂ ಬರೆಸಿಕೊಳ್ಳಿ. ಕಚ್ಚಿದ ವಿಷಯವನ್ನು ಜನ ಮುಚ್ಚಿಡುತ್ತಾರೆ. ‘ಕಚ್ಚಿದೆಯೇ?’ ಎಂದರೆ ಎಲ್ಲರೂ ಇಲ್ಲವೆನ್ನುತ್ತಾರೆ. ‘ಯಾರು ಬಂದಾಗ ಇದನ್ನು ಕಟ್ಟಿಹಾಕುತ್ತಿದ್ದಿರಿ?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ.

ಕೊಡುವುದಕ್ಕೆ ಹಿಂದೇಟು ಹಾಕಿ ದಾರಿಯಲ್ಲಿ ಬಿಟ್ಟುಬಿಡುತ್ತೇವೆ ಎನ್ನುವವರಿಗೆ ಒಂದು ವಿಷಯ ತಿಳಿಸಿ: ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. 23 ತಳಿಗಳನ್ನು ಸಾಕುವಂತಿಲ್ಲ ಎಂಬ ಸುದ್ದಿಯನ್ನೂ ಹಲವರು ನಂಬಿಕೊಂಡಿದ್ದಾರೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಆ ಹೆದರಿಕೆಯಿಂದ ರಾಟ್‌ವೀಲರನ್ನು ಕಾಡಿನ ಅಂಚಿಗೆ ಬಿಟ್ಟುಬರುವುದಕ್ಕೆ ಕಾರಣವೇ ಇಲ್ಲ.

ಹಂತ 3: ಹಿಡಿದು ತರುವುದು

ಹೆದರಿದ ದೊಡ್ಡ ನಾಯಿಯ ಎದುರಿಗೆ ನೇರ ನಡೆದುಹೋಗಿ ತಲೆ ಸವರಲು ಕೈ ಚಾಚಬೇಡಿ. ಪಕ್ಕಕ್ಕೆ ತಿರುಗಿ ಕುಕ್ಕರುಗಾಲಿನಲ್ಲಿ ಕುಳಿತು, ಆಹಾರವನ್ನು ದೂರದಿಂದ ಹತ್ತಿರಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಎರಡು ದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಊಟ ಹಾಕಿದರೆ ಮೂರನೆಯ ದಿನ ಹಗ್ಗ ಹಾಕುವುದು ಸುಲಭವಾಗುತ್ತದೆ. ಗುಂಪುಕಟ್ಟಿ ಅಟ್ಟಿಸಿಕೊಂಡು ಹೋದರೆ ನಾಯಿ ಹೆದ್ದಾರಿಗೆ ಓಡುತ್ತದೆ.

ಸಾಗಿಸುವಾಗ ತೆರೆದ ಗೂಡ್ಸ್ ಆಟೋ ಬೇಡ. ನಾಯಿ ಹಾರುತ್ತದೆ, ಕಟ್ಟಿದ್ದರೆ ಅಂಚಿನಿಂದ ನೇತಾಡಿ ಕೊರಳು ಬಿಗಿಯುತ್ತದೆ. ಮುಚ್ಚಿದ ವಾಹನದಲ್ಲಿ, ಒಬ್ಬರು ಜೊತೆಗೆ ಕುಳಿತು ಕರೆತನ್ನಿ. ಆಗುಂಬೆ ಅಥವಾ ಹುಲಿಕಲ್ ಘಾಟಿಯ ತಿರುವುಗಳಲ್ಲಿ ನಾಯಿಗಳಿಗೂ ವಾಂತಿಯಾಗುತ್ತದೆ. ಹೊರಡುವ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ.

ಹಂತ 4: ಮೊದಲ ಹದಿನಾಲ್ಕು ದಿನ ಪ್ರತ್ಯೇಕ ವಾಸ

ಹೆಚ್ಚಿನವರು ಸೋಲುವುದು ಈ ಹಂತದಲ್ಲಿ. ನಾಯಿ ಸಾಧುವಾಗಿ ಕಂಡಿತೆಂದು ಮೂರನೆಯ ದಿನವೇ ಅಂಗಳಕ್ಕೆ ಬಿಡುತ್ತಾರೆ. ನಾಯಿಯಿಂದ ನಾಯಿಗೆ ಹರಡುವ ಪಾರ್ವೊ, ಡಿಸ್ಟೆಂಪರ್ ರೋಗಗಳು ತಗುಲಿದ ದಿನವೇ ಕಾಣಿಸಿಕೊಳ್ಳುವುದಿಲ್ಲ. ಅದಕ್ಕಾಗಿಯೇ ಎರಡು ವಾರದ ಗಡುವು. ಈ ಅವಧಿಯಲ್ಲಿ ತಟ್ಟೆ, ಹಗ್ಗ, ಹಾಸಿಗೆ ಎಲ್ಲವೂ ಬೇರೆ. ಮೊದಲು ಮನೆಯ ನಾಯಿಗಳ ಕೆಲಸ ಮುಗಿಸಿ, ಕೊನೆಗೆ ಹೊಸ ನಾಯಿಯ ಕೋಣೆಗೆ ಹೋಗಿ. ಅಲ್ಲಿ ಹಾಕಿಕೊಂಡ ಚಪ್ಪಲಿ ಅಲ್ಲೇ ಇರಲಿ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಅದಕ್ಕೆ ಫಿನಾಯಿಲ್ ಸಾಲದು. ಬ್ಲೀಚಿಂಗ್ ದ್ರಾವಣದಲ್ಲಿ ನೆಲ ತೊಳೆಯಬೇಕು.

ಬಂದ ಮೊದಲ ದಿನವೇ, ತಪ್ಪಿದರೆ ಮರುದಿನ, ಪಶುವೈದ್ಯರಿಗೆ ತೋರಿಸಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಸೀಮೆಯವರಿಗೆ ದೊಡ್ಡ ಆಸರೆ. ರಕ್ತಪರೀಕ್ಷೆ ಮಾಡಿಸಲು ನೀವಾಗಿಯೇ ಕೇಳಿ. ಉಣುಗಿನಿಂದ ಬರುವ ಎರ್ಲಿಕಿಯಾ, ಬೆಬೀಸಿಯಾ ಸೋಂಕುಗಳು ಹೊರಗೆ ಬರೀ ಮಂಕಾಗಿ ಕಾಣಬಹುದು.

ಮನೆಯಲ್ಲಿ ನೀವೇ ನೋಡಬಹುದಾದ ಒಂದು ಗುರುತಿದೆ. ನಾಯಿಯ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ವಸಡು ನೋಡಿ. ಆರೋಗ್ಯವಂತ ನಾಯಿಯಲ್ಲಿ ಅದು ನಸುಗೆಂಪು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. (ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು, ಅಂಥವುಗಳ ಕೆಳರೆಪ್ಪೆಯ ಒಳಭಾಗ ನೋಡಿ.) ವಸಡು ಸುಣ್ಣದ ಗೋಡೆಯಂತೆ ಬಿಳಿಚಿದ್ದರೆ, ಅದರ ಮೇಲೆ ಕೆಂಪು ಚುಕ್ಕೆಗಳಿದ್ದರೆ, ಮೂಗಿನಿಂದ ರಕ್ತ ಒಸರುತ್ತಿದ್ದರೆ ಅಂದೇ ವೈದ್ಯರಲ್ಲಿಗೆ ಹೊರಡಿ. ಕಣ್ಣು ಮತ್ತು ವಸಡು ಹಳದಿಯಾಗಿದ್ದರೆ ಇಲಿ ಜ್ವರದ ಅನುಮಾನ ಬರಬೇಕು. ಮಳೆಗಾಲದಲ್ಲಿ ಗದ್ದೆ, ಚರಂಡಿ ನೀರಿನಿಂದ ಇದು ನಾಯಿಗೂ ಬರುತ್ತದೆ, ನಾಯಿಯ ಮೂತ್ರದಿಂದ ನಮಗೂ ಬರುತ್ತದೆ. ಕೈಗವಸಿಲ್ಲದೆ ಕೋಣೆ ತೊಳೆಯಬೇಡಿ.

ಉಣುಗನ್ನು ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಚಿವುಟುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ಬಿಡಿ. ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕಿ. ದನಕ್ಕೆ ಬಳಸುವ ಉಣುಗಿನ ಔಷಧಿಯನ್ನು ಕಣ್ಣಂದಾಜಿನಲ್ಲಿ ನಾಯಿಗೆ ಸುರಿಯುವುದು ಮಲೆನಾಡಿನಲ್ಲಿ ನಾನು ಕಾಣುವ ಅತಿ ಅಪಾಯದ ತಪ್ಪು. ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಕಾಲಿ (Collie) ಮುಂತಾದ ಕೆಲವು ತಳಿಗಳು ತಡೆದುಕೊಳ್ಳುವುದೇ ಇಲ್ಲ. ಡಿಸೆಂಬರ್‌ನಿಂದ ಮೇ ತನಕ, ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆಯ ಕಾಲ. ಮಂಗ ಸತ್ತ ಸುದ್ದಿ ಬಂದ ಕಡೆ, ತರಗೆಲೆ ಹಾಸಿದ ಕಾಡಿನ ದಾರಿಯಲ್ಲಿ, ನಾಯಿಯನ್ನು ಅಡ್ಡಾಡಿಸಬೇಡಿ. ಅದು ಮೈಮೇಲೆ ಉಣುಗನ್ನು ಹೊತ್ತು ಮನೆಯೊಳಕ್ಕೇ ತರುತ್ತದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ನಿಮ್ಮ ಕೈಕಾಲಿಗೆ, ನಾಯಿಗಲ್ಲ.

ಊಟದ ಮಾತು. ಎಲುಬು ಕಾಣುವಷ್ಟು ಬಡಕಲಾದ ನಾಯಿಗೆ ಮೊದಲ ದಿನವೇ ತಟ್ಟೆ ತುಂಬ ಮಾಂಸ ಹಾಕುವುದು ಕರುಣೆಯಂತೆ ಕಾಣುತ್ತದೆ, ಆದರೆ ಬಹುದಿನ ಉಪವಾಸವಿದ್ದ ದೇಹಕ್ಕೆ ದಿಢೀರನೆ ಸಿಕ್ಕ ಊಟ ರಕ್ತದ ಲವಣಗಳ ಸಮತೋಲ ಕೆಡಿಸಿ ಜೀವಕ್ಕೇ ಕುತ್ತು ತರಬಹುದು. ಮೆದುವಾದ ಅನ್ನ, ಬೇಯಿಸಿದ ಮೊಟ್ಟೆ ಅಥವಾ ಎಲುಬಿಲ್ಲದ ಕೋಳಿಯನ್ನು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ. ವಾರ ಹತ್ತು ದಿನಗಳಲ್ಲಿ ಏರಿಸುತ್ತ ಹೋಗಿ. ಹಾಲು ಬೇಡ, ಬೇಯಿಸಿದ ಮೂಳೆ ಬೇಡ, ಈರುಳ್ಳಿ ಹಾಕಿದ ಸಾರು ಬೇಡ. ಜ್ವರಕ್ಕೆಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕೊಡಲೇಬೇಡಿ.

ಆರೋಗ್ಯ ಸುಧಾರಿಸಿದ ಮೇಲೂ ದಿನಕ್ಕೆ ಒಂದೇ ಹೊತ್ತು ಹೊಟ್ಟೆ ಬಿರಿಯೆ ಹಾಕುವುದು ದೊಡ್ಡ ತಳಿಗೆ ಒಗ್ಗುವುದಿಲ್ಲ. ಎದೆಗೂಡು ಆಳವಾಗಿರುವ ಗ್ರೇಟ್ ಡೇನ್, ಶೆಫರ್ಡ್‌ಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಬರುತ್ತದೆ. ನಾಯಿ ವಾಂತಿಗೆ ಒತ್ತರಿಸಿದರೂ ಏನೂ ಬಾರದೆ ನೊರೆ ಮಾತ್ರ ಬರುತ್ತಿದೆ, ಹೊಟ್ಟೆ ಬಿಗಿದಿದೆ, ನಿಂತಲ್ಲಿ ನಿಲ್ಲುತ್ತಿಲ್ಲ ಎಂದಾದರೆ ಬೆಳಗಾಗಲಿ ಎಂದು ಕಾಯಬೇಡಿ. ಶಸ್ತ್ರಚಿಕಿತ್ಸೆಗೆ ಕೆಲವೇ ಗಂಟೆಗಳ ಅವಕಾಶವಿರುತ್ತದೆ.

ಲಸಿಕೆಯ ಬಗ್ಗೆ ಒಂದು ಎಚ್ಚರಿಕೆ: ಬಂದ ಮೇಲೆ ರೇಬಿಸ್ ಲಸಿಕೆ ಹಾಕಿಸಿದ ಮಾತ್ರಕ್ಕೆ, ಅದಕ್ಕೂ ಮೊದಲೇ ತಗುಲಿರಬಹುದಾದ ಸೋಂಕು ತಪ್ಪುವುದಿಲ್ಲ. ರೋಗ ಹೊರಬೀಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ದನಿ ಬದಲಾಗುವುದು, ಜೊಲ್ಲು ಸುರಿಸುವುದು, ನುಂಗಲು ಕಷ್ಟಪಡುವುದು, ಹಿಂಗಾಲು ಎಳೆಯುವುದು ಕಂಡರೆ ಕೋಣೆಯ ಬಾಗಿಲು ಹಾಕಿ ವೈದ್ಯರಿಗೆ ತಿಳಿಸಿ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕಬೇಡಿ. ಯಾರಿಗಾದರೂ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಕಾಫಿಪುಡಿ ಹಚ್ಚಬಾರದು. ರಕ್ತ ಬಂದಿದ್ದರೆ, ಮುಂಚಿತವಾಗಿ ಲಸಿಕೆ ಹಾಕಿಸಿಕೊಂಡಿರದವರಿಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ, ಕೇಳಿ ಪಡೆಯಿರಿ.

ಹಂತ 5: ನಾಯಿಯ ಸ್ವಭಾವವನ್ನು ಓದುವುದು

ಮೊದಲ ದಿನಗಳಲ್ಲಿ ಕಾಣುವ ಸಾಧುತನವನ್ನು ನಂಬಬೇಡಿ. ಅದು ಬಹಳ ಸಲ ಭಯದಿಂದ ಮರಗಟ್ಟಿದ ಸ್ಥಿತಿ. ನಿಜ ಸ್ವಭಾವ ಮೂರನೆಯ ವಾರದ ಹೊತ್ತಿಗೆ ಹೊರಬರಲು ತೊಡಗುತ್ತದೆ. ಪೂರ್ತಿ ಹೊಂದಿಕೊಳ್ಳಲು ಮೂರು ತಿಂಗಳು ಬೇಕು.

ಊಟದ ತಟ್ಟೆಯ ಬಳಿ ಗಮನವಿಡಿ. ನೀವು ನಾಲ್ಕು ಹೆಜ್ಜೆ ದೂರದಲ್ಲಿ ಹಾದುಹೋದಾಗ ನಾಯಿ ತಿನ್ನುವುದನ್ನು ನಿಲ್ಲಿಸುತ್ತದೆ. ಮೂತಿ ತಟ್ಟೆಯೊಳಗೇ ಇರುತ್ತದೆ, ಬೆನ್ನು ಸೆಟೆಯುತ್ತದೆ, ತಲೆ ತಿರುಗಿಸದೆ ಕಣ್ಣಷ್ಟೇ ಹೊರಳಿ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಗುರುಗುಟ್ಟುವುದಕ್ಕಿಂತ ಮೊದಲು ಕೊಡುವ ಎಚ್ಚರಿಕೆ ಇದು. ಕಂಡ ಕೂಡಲೇ ದೂರ ಸರಿಯಿರಿ. ಯಜಮಾನಿಕೆ ತೋರಿಸಲೆಂದು ತಟ್ಟೆ ಕಿತ್ತುಕೊಳ್ಳಬೇಡಿ. ಪ್ರತಿ ಸಲ ಹಾದುಹೋಗುವಾಗ ಇನ್ನೂ ರುಚಿಯಾದ ಒಂದು ತುಣುಕನ್ನು ದೂರದಿಂದಲೇ ಎಸೆದು ಹೋಗಿ. ಮನುಷ್ಯ ಹತ್ತಿರ ಬಂದರೆ ಊಟ ಹೆಚ್ಚುತ್ತದೆ ಎಂದು ನಾಯಿಗೆ ತಿಳಿಯಬೇಕು. ಗುರುಗುಟ್ಟಿದ್ದಕ್ಕೆ ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವುದನ್ನು ಬಿಡುವುದಿಲ್ಲ. ಎಚ್ಚರಿಕೆ ಕೊಡದೆ ಕಚ್ಚುವ ನಾಯಿಗಳು ಹೀಗೇ ತಯಾರಾಗುತ್ತವೆ.

ಒಂದು ನೋಟ್‌ಪುಸ್ತಕ ಇಟ್ಟುಕೊಂಡು ಬರೆಯುತ್ತ ಹೋಗಿ: ಮಕ್ಕಳು ಓಡಿದರೆ ಏನು ಮಾಡುತ್ತದೆ, ಬೈಕಿನ ಸದ್ದಿಗೆ ಹೇಗೆ, ಕಂಬಳಿಕೊಪ್ಪೆ ಹೊದ್ದವರನ್ನು, ಕೈಯಲ್ಲಿ ಕತ್ತಿ ಹಿಡಿದವರನ್ನು ಕಂಡರೆ ಹೇಗೆ, ಹ್ಯಾಟೆ (ಹೆಣ್ಣುಕೋಳಿ) ಮರಿಗಳ ಜೊತೆ ಅಡ್ಡಬಂದರೆ ಹೇಗೆ. ಹೊಸ ಮನೆ ಆರಿಸುವಾಗ ಈ ಪುಸ್ತಕವೇ ನಿಮ್ಮ ಆಧಾರ.

ಮನೆಯ ನಾಯಿಗಳ ಪರಿಚಯ ಹದಿನಾಲ್ಕು ದಿನ ದಾಟಿದ ಮೇಲೆ. ಗೇಟಿನ ಬಳಿ ಬೇಡ, ಅದು ಹಳೆಯ ನಾಯಿಯ ಸರಹದ್ದು. ಕೊಯ್ಲಾದ ಗದ್ದೆಬಯಲಿನಂಥ, ಎರಡು ನಾಯಿಗಳ ಸರಹದ್ದೂ ಅಲ್ಲದ ಜಾಗದಲ್ಲಿ ಇಬ್ಬರು ಒಂದೊಂದು ನಾಯಿ ಹಿಡಿದು, ದೂರ ಬಿಟ್ಟು, ಒಂದೇ ದಿಕ್ಕಿಗೆ ನಡೆಯಿರಿ. ಎರಡೂ ನೆಲ ಮೂಸುತ್ತ ನಿರಾಳವಾಗಿ ನಡೆದರೆ ಅಂತರ ಕಡಿಮೆ ಮಾಡಿ. ಒಂದು ಇನ್ನೊಂದನ್ನು ದಿಟ್ಟಿಸಿ ನಿಂತರೆ ಆ ದಿನಕ್ಕೆ ಸಾಕು.

ಹಂತ 6: ಕೊಡುವ ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ

‘ಕೊಟ್ಟ ಮೇಲೆ ಅವರೇ ಮಾಡಿಸುತ್ತಾರೆ’ ಎಂಬುದು ನಡೆಯುವುದಿಲ್ಲ. ತಳಿನಾಯಿ ಉಚಿತ ಎಂದೊಡನೆ ಮರಿ ಮಾಡಿಸಿ ಮಾರುವವರು ಮೊದಲು ಕರೆ ಮಾಡುತ್ತಾರೆ. ನಾಯಿಯ ಆರೋಗ್ಯ ಕೇಳುವ ಮೊದಲೇ ಹೆಣ್ಣೇ, ಎಷ್ಟು ವಯಸ್ಸು, ಕಾಗದಪತ್ರ ಇದೆಯೇ ಎಂದು ವಿಚಾರಿಸುವವರನ್ನು ಅಲ್ಲೇ ಬಿಡಿ. ತೂಕ ಮತ್ತು ರಕ್ತಪರೀಕ್ಷೆ ಸರಿಯಾದ ಮೇಲೆ ವೈದ್ಯರು ಹೇಳಿದ ದಿನ ಶಸ್ತ್ರಚಿಕಿತ್ಸೆ ಮಾಡಿಸಿ, ಗಾಯ ಒಣಗಿದ ಮೇಲಷ್ಟೇ ಜಾಹೀರು ಮಾಡಿ. ಜೋರು ಮಳೆಯ ತಿಂಗಳುಗಳಲ್ಲಿ ಹೊಲಿಗೆ ಒಣಗಿಸುವುದು ಕಷ್ಟ. ಒಲೆಯ ಬೆಚ್ಚನೆ ತಾಗುವ ಕೋಣೆ ಇದ್ದರೆ ಒಳ್ಳೆಯದು.

ಹಂತ 7: ಮನೆ ಆರಿಸುವುದು

ನಾಯಿಯ ಜಾಹೀರಾತಿನಲ್ಲಿ ಚೆಂದದ ಚಿತ್ರದ ಜೊತೆಗೆ ಅದರ ತೊಡಕನ್ನೂ ಬರೆಯಿರಿ: ‘ಕೋಳಿ ಇರುವ ಮನೆಗೆ ಆಗದು’, ‘ಸಣ್ಣ ಮಕ್ಕಳಿರುವಲ್ಲಿ ಬೇಡ’. ಕರೆಗಳು ಕಡಿಮೆ ಬರುತ್ತವೆ, ವಾಪಸು ಬರುವ ನಾಯಿಗಳೂ ಕಡಿಮೆಯಾಗುತ್ತವೆ.

ನಮ್ಮ ಭಾಗದಲ್ಲಿ ಹೆಚ್ಚು ಕೇಳಿಬರುವ ಬೇಡಿಕೆ ತೋಟ ಕಾಯಲು ನಾಯಿ ಬೇಕು ಎಂಬುದು. ಮಂಗ, ಕಾಡುಹಂದಿ ಓಡಿಸಲಿ ಎಂಬ ಆಸೆ. ಇಂಥ ಕಡೆ ಲ್ಯಾಬ್ರಡಾರನ್ನು ಕೊಟ್ಟರೆ ಅದು ಹಗಲಿಡೀ ಸರಪಳಿಯಲ್ಲಿ ಇರುತ್ತದೆ, ರಾತ್ರಿ ಕುರ್ಕನ (ಚಿರತೆಯ) ಪಾಲಾಗುತ್ತದೆ. ಕಾಡಂಚಿನ ಮನೆಯಲ್ಲಿ ಅಂಗಳದಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ರಾತ್ರಿ ನಾಯಿ ಎಲ್ಲಿ ಮಲಗುತ್ತದೆ ಎಂಬ ಪ್ರಶ್ನೆಗೆ ‘ಒಳಗೆ’ ಎಂಬ ಉತ್ತರ ಬಾರದಿದ್ದರೆ ನಾನು ಮುಂದುವರಿಯುವುದಿಲ್ಲ. ಮುಧೋಳ ನಾಯಿಯನ್ನು ಬೇಲಿಯಿಲ್ಲದ ತೋಟಕ್ಕೂ ಕೊಡಬೇಡಿ. ಕಣ್ಣಿಗೆ ಬಿದ್ದ ಮೊಲವನ್ನು ಅಟ್ಟುವುದು ಅದರ ರಕ್ತದಲ್ಲಿದೆ. ಕಾಡು ಹೊಕ್ಕು ಹಂದಿಗಿಟ್ಟ ಉರುಳಿಗೆ ಸಿಕ್ಕೀತು. ಸೇಂಟ್ ಬರ್ನಾರ್ಡ್, ಹಸ್ಕಿಗಳಿಗೆ ಭದ್ರಾವತಿಯ ಬೇಸಿಗೆ ಕಷ್ಟ. ಲ್ಯಾಬ್ರಡಾರಿಗೆ ಹೊಸನಗರದ ಮಳೆಗಾಲದಲ್ಲಿ ಕಿವಿ, ಚರ್ಮಗಳ ಬೂಷ್ಟು ರೋಗ ತಪ್ಪಿದ್ದಲ್ಲ. ಒದ್ದೆ ಮೈ ಒರೆಸುವ ತಾಳ್ಮೆಯಿರುವ ಮನೆ ಬೇಕು. ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗೆ ಹಗ್ಗ ಎಳೆಯುವ ನಾಯಿ ಬೇಡ. ಬಿದ್ದು ಸೊಂಟ ಮುರಿದುಕೊಂಡರೆ ನಾಯಿಯೂ ಮನೆ ಕಳೆದುಕೊಳ್ಳುತ್ತದೆ.

ಮನೆ ನೋಡದೆ ಕೊಡಬೇಡಿ. ಹೋದಾಗ ಕಾಫಿ ಕುಡಿದು ಮಾತಾಡುವಾಗ ಕಣ್ಣು ಅಂಗಳದ ಮೇಲಿರಲಿ. ಕಂಬದ ಬುಡದಲ್ಲಿ ಸರಪಳಿ ಉಜ್ಜಿದ ಗೀರು, ಅದರ ಸುತ್ತ ಹುಲ್ಲು ಸವೆದು ಬೋಳಾದ ದುಂಡು ಜಾಗ ಕಂಡರೆ, ಹಿಂದಿನ ನಾಯಿ ಬದುಕಿದ ರೀತಿ ಅಲ್ಲೇ ಬರೆದಿರುತ್ತದೆ. ಆ ನಾಯಿ ಏನಾಯಿತು ಎಂದು ಕೇಳಿ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸುವ ಡ್ರಮ್ಮು, ಮೈಲುತುತ್ತದ ಚೀಲ ಎಲ್ಲಿಡುತ್ತಾರೆ ನೋಡಿ. ನಾಯಿಗಳು ಆ ನೀರನ್ನು ನೆಕ್ಕಿದರೆ ವಿಷ. ಇಲಿಪಾಷಾಣವನ್ನೂ ವಿಚಾರಿಸಿ. ಮನೆಯ ಎಲ್ಲರ ಎದುರಿಗೆ ಮಾತಾಡಿ, ಮುಖ್ಯವಾಗಿ ನಿತ್ಯ ಅನ್ನ ಹಾಕಬೇಕಾದ ಅಕ್ಕನೋ ಅಮ್ಮನೋ ಒಪ್ಪಿದ್ದಾರೆಯೇ ತಿಳಿಯಿರಿ. ಮಗ ಆಸೆಪಟ್ಟು ತಂದು ತಾನು ಬೆಂಗಳೂರಿಗೆ ಹೋದ ಮನೆಗಳಿಂದಲೇ ಹೆಚ್ಚು ನಾಯಿಗಳು ವಾಪಸಾಗುತ್ತವೆ.

ಹಂತ 8: ಒಪ್ಪಿಸುವುದು

ಅಡಿಕೆ ಕೊಯ್ಲಿನ ಕಾಲದಲ್ಲಿ ಒಪ್ಪಿಸಬೇಡಿ. ಅಂಗಳದ ತುಂಬ ಸುಲಿಯುವವರು, ಬೇಯಿಸುವ ಹಂಡೆ, ರಾತ್ರಿಯೆಲ್ಲ ಓಡಾಟ. ಹೊಸ ನಾಯಿಗೆ ಮನೆಯವರು ಯಾರು, ಹೊರಗಿನವರು ಯಾರು ಎಂದೇ ತಿಳಿಯುವುದಿಲ್ಲ. ಹಬ್ಬ, ಮದುವೆ ಇರುವ ವಾರವೂ ಬೇಡ.

ನಾಯಿಯ ಜೊತೆಗೆ ಅದೇ ಕಂಬಳಿ, ಅದೇ ತಟ್ಟೆ, ಒಂದು ವಾರಕ್ಕಾಗುವ ಅದೇ ಆಹಾರ, ಲಸಿಕೆ ಪುಸ್ತಕ ಹೋಗಲಿ. ಕಾಗದದಲ್ಲಿ ನಾಲ್ಕು ಮಾತು ಸ್ಪಷ್ಟವಾಗಿರಲಿ: ಮಾರುವಂತಿಲ್ಲ, ಬೇರೆಯವರಿಗೆ ದಾಟಿಸುವಂತಿಲ್ಲ, ದಿನವಿಡೀ ಕಟ್ಟಿಹಾಕುವಂತಿಲ್ಲ, ಬೇಡವೆನಿಸಿದರೆ ನಿಮಗೇ ಹಿಂದಿರುಗಿಸಬೇಕು. ಎರಡೂ ಕಡೆಯವರು ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಕಚ್ಚಿದ ಇತಿಹಾಸವಿದ್ದರೆ ಅದನ್ನೂ ಬರೆದು ಓದಿ ಹೇಳಿ. ಮುಚ್ಚಿಟ್ಟು ಕೊಟ್ಟ ನಾಯಿ ಮಗುವನ್ನು ಕಚ್ಚಿದರೆ ಅದಕ್ಕೆ ಹೊಣೆ ನೀವೇ. ಮೊದಲ ಎರಡು ವಾರವನ್ನು ಪರೀಕ್ಷೆಯ ಅವಧಿ ಎಂದೇ ಹೇಳಿ ಕೊಡಿ. ಅಷ್ಟು ದಿನ ಹೊರಗೆ ಹಗ್ಗವಿಲ್ಲದೆ ಬಿಡಕೂಡದು; ಹೊಸ ಮನೆಗೆ ಹೋದ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಆಗಲೇ.

ಹಂತ 9: ಕೊಟ್ಟ ಮೇಲೆ

ಮರುದಿನ, ಮೂರನೆಯ ದಿನ, ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ ಫೋನು ಮಾಡಿ. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವೇ ಬರುತ್ತದೆ. ನಿನ್ನೆ ರಾತ್ರಿ ಎಲ್ಲಿ ಮಲಗಿತ್ತು, ಇವತ್ತು ಏನು ತಿಂದಿತು, ಯಾರ ಹಿಂದೆ ಓಡಾಡುತ್ತಿದೆ ಎಂದು ಕೇಳಿ. ಚಿತ್ರ ಕಳಿಸಲು ನೆಪ ಹೇಳುವುದು, ಪ್ರತಿ ಚಿತ್ರದಲ್ಲೂ ಅದೇ ಕಂಬ ಅದೇ ಸರಪಳಿ ಕಾಣುವುದು, ‘ಯಾರನ್ನೂ ಹತ್ತಿರ ಬಿಡುತ್ತಿಲ್ಲ, ಒಳ್ಳೆಯ ಕಾವಲು’ ಎಂಬ ಹೊಗಳಿಕೆ, ಇವು ಮೂರೂ ನೀವೇ ಅಲ್ಲಿಗೆ ಹೋಗಿ ನೋಡಬೇಕೆಂಬ ಸೂಚನೆಗಳು.

ವಾಪಸು ತರುತ್ತೇವೆ ಎಂದರೆ ರೇಗಬೇಡಿ. ರೇಗಿದರೆ ಮುಂದಿನವರು ನಿಮಗೆ ಹೇಳದೆ ದಾರಿಯಲ್ಲಿ ಬಿಡುತ್ತಾರೆ. ಏನಾಯಿತು, ಎಷ್ಟು ಹೊತ್ತಿಗೆ, ಯಾರಿದ್ದರು, ಅದಕ್ಕೂ ಮೊದಲು ಏನು ನಡೆಯಿತು ಎಂದು ಕೇಳಿ ನೋಟ್‌ಪುಸ್ತಕಕ್ಕೆ ಸೇರಿಸಿ. ಅಲ್ಲಿ ಬೇರೆ ನಾಯಿಗಳ ಒಡನಾಟವಿದ್ದರೆ ಹಂತ 4ರಿಂದ, ಇಲ್ಲದಿದ್ದರೆ ಹಂತ 5ರಿಂದ ಮತ್ತೆ ಶುರು ಮಾಡಿ. ಮುಂದಿನ ಜಾಹೀರಾತಿನಲ್ಲಿ ಈ ಹೊಸ ಸಂಗತಿಯೂ ಇರಲಿ.